ಮೂವತ್ತಾರು ಖಾಲಿ ಮನೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದಲ್ಲ. ತಪ್ಪು ಆ ಚೀಟಿಯದು. ಚೀಟಿ ಕೈಗಿಟ್ಟ ಹೆಡ್ಮಾಸ್ಟರರದು. ಹೋಗಲಿ, ಅಂಥ ವಿಕಾರದ ಚಿತ್ರವನ್ನು ಭೂಮಿಯ ಮೇಲೆ ಮೊದಲು ಬರೆದ ಪುಣ್ಯಾತ್ಮ ಯಾರೋ, ಅವನದು. ಇಪ್ಪತ್ತೆಂಟು ವರ್ಷದಿಂದ ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿರುವ ನನ್ನ ತಲೆಗೆ ಅದನ್ನು ಕಟ್ಟಿದರೆ ಯಾವ ನ್ಯಾಯ?

ಶಾಲೆಗೆ ದಸರಾ ರಜೆ ಇದ್ದಾಗ ಹೆಡ್ಮಾಸ್ಟರರು ನನ್ನನ್ನು ಕರೆಸಿ, ಅಂಗೈ ಅಗಲದ ಒಂದು ಜೆರಾಕ್ಸ್ ಹಾಳೆ ಕೊಟ್ಟರು.

"ಇದು ಧಾತುಗಳ ಆವರ್ತ ಕೋಷ್ಟಕ. ಲ್ಯಾಬಿನ ಹೊರಗೋಡೆ ಮೇಲೆ ದೊಡ್ಡದಾಗಿ ಬರೀಬೇಕು. ಶಾಲೆ ಶುರುವಾಗೋ ಹೊತ್ತಿಗೆ ಮುಗಿದಿರ್ಬೇಕು ನೋಡಿ."

"ಧಾತು ಅಂದ್ರೆ ಏನ್ ಸಾರ್?"

"ಚಿನ್ನ, ಬೆಳ್ಳಿ, ಕಬ್ಬಿಣ, ಉಸಿರಾಡೋ ಗಾಳಿಲಿರೋ ಆಕ್ಸಿಜನ್... ಪ್ರಪಂಚದಲ್ಲಿ ಏನೇನಿದೆಯೋ ಎಲ್ಲಾ ಇವುಗಳ ಪರಮಾಣುಗಳಿಂದಾನೇ ಆಗಿರೋದು. ನೀವೂ ಅಷ್ಟೇ, ನಾನೂ ಅಷ್ಟೇ, ಈ ಕುರ್ಚೀನೂ ಅಷ್ಟೇ," ಎಂದರು. ಅಲ್ಲಿಗೆ ಅವರ ವಿಜ್ಞಾನ ಮುಗಿಯಿತು. ಅವರು ಪಾಠ ಮಾಡುತ್ತಿದ್ದುದು ಸಮಾಜ.

ವಿಜ್ಞಾನದ ಟೀಚರಮ್ಮ ತರಬೇತಿಗೆಂದು ಹೋಗಿದ್ದರು. ಕೇಳೋಣವೆಂದರೆ ಇನ್ನು ಯಾರೂ ಇರಲಿಲ್ಲ. ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ಕೆಲಸ ಒಪ್ಪಿಕೊಂಡದ್ದು ಒಂದೇ ಕಾರಣಕ್ಕೆ. ನನ್ನ ಮಗಳು ಆ ವರ್ಷವಷ್ಟೇ ಆ ಶಾಲೆಯ ಒಂಬತ್ತನೇ ಕ್ಲಾಸಿಗೆ ಸೇರಿದ್ದಳು. ದಿನಾ ಬೆಳಿಗ್ಗೆ ಆ ಗೋಡೆಯ ಮುಂದೆ ಸಾಲಾಗಿ ನಿಲ್ಲುವಾಗ ಅವಳು ಗೆಳತಿಯರಿಗೆ, "ಇದು ನಮ್ಮಪ್ಪ ಬರೆದಿದ್ದು ಕಣೇ" ಎಂದು ಹೇಳಬೇಕು. ನನ್ನ ಆಸೆ ಇಷ್ಟೇ. ಇಷ್ಟು ಸಣ್ಣ ಆಸೆಗೆ ಇಷ್ಟು ದೊಡ್ಡ ರಾದ್ಧಾಂತ ಆದೀತೆಂದು ಯಾರಿಗೆ ಗೊತ್ತಿತ್ತು?

ಮನೆಗೆ ಬಂದು ಚೀಟಿ ಬಿಡಿಸಿ ನೋಡಿದೆ. ನೋಡುತ್ತಲೇ ಮೈ ಉರಿದುಹೋಯಿತು. ಮೇಲಿನ ಸಾಲಿನ ಎಡಮೂಲೆಯಲ್ಲಿ ಒಂದು ಚೌಕ, ಬಲಮೂಲೆಯಲ್ಲಿ ಒಂದು ಚೌಕ, ನಡುವೆ ಹದಿನಾರು ಮನೆ ಖಾಲಿ! ಅದರ ಕೆಳಗಿನ ಎರಡು ಸಾಲುಗಳಲ್ಲಿ ಹತ್ತು ಹತ್ತು ಖಾಲಿ. ಒಟ್ಟು ಮೂವತ್ತಾರು ಮನೆ ಬಿಕೋ ಎನ್ನುತ್ತಿದ್ದರೆ, ಇಪ್ಪತ್ತೆಂಟು ಚೌಕಗಳನ್ನು ಕೆಳಗೆ ಎರಡು ಸಾಲು ಮಾಡಿ ಬೀದಿಗೆ ತಳ್ಳಿದ್ದರು. ಒಳಗೆ ಕುರ್ಚಿ ಖಾಲಿ ಇರುವಾಗ ನೆಂಟರನ್ನು ಬಾಗಿಲ ಹೊರಗೆ ನಿಲ್ಲಿಸುವವರಿಗೆ ಏನೆನ್ನಬೇಕು?

ನಮ್ಮ ಕಸುಬಿನಲ್ಲಿ ಗಿರಾಕಿಯ ಚೀಟಿಯನ್ನು ಯಾರೂ ಇದ್ದ ಹಾಗೆ ಬರೆಯುವುದಿಲ್ಲ. ಬರೆದರೆ ಊರಿನ ಮಾನ ಹೋಗುತ್ತದೆ. ಹಲ್ಲಿನ ಡಾಕ್ಟರು ಕೊಟ್ಟ ಚೀಟಿಯಲ್ಲಿ ಹೆಸರು ಒಂದು ಮೂಲೆ, ಡಿಗ್ರಿ ಇನ್ನೊಂದು ಮೂಲೆ, ನಡುವೆ ಕಾಫಿ ಲೋಟದ ಗುಂಡು ಕಲೆ. ಕಾಫಿ ಕಲೆಯನ್ನೂ ಬರೆಯಲೇ? ಚೀಟಿಯನ್ನು ಓದಿ, ಗಿರಾಕಿ ಏನು ಹೇಳಬೇಕೆಂದಿದ್ದನೋ ಅದನ್ನು ಗೋಡೆಗೆ ತಕ್ಕಂತೆ ತುಂಬಿಸಿ ಕೊಡುವವನೇ ಬೋರ್ಡು ಬರೆಯುವವನು. ಖಾಲಿ ಬಿಟ್ಟ ಗೋಡೆ ನಮಗೆ ಅವಮಾನ.

ಗೋಡೆ ಅಳೆದೆ. ಹದಿನೈದು ಚೌಕದ ಎಂಟು ಸಾಲು ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ದಾರಕ್ಕೆ ನೀಲಿ ಪುಡಿ ಸವರಿ, ಎಳೆದು ಬಾರಿಸಿ ಗೆರೆ ಹಾಕಿದೆ. ಒಂದರಿಂದ ನೂರ ಹದಿನೆಂಟರವರೆಗೆ ಸಂಖ್ಯೆಯ ಪ್ರಕಾರ ಒಂದರ ಪಕ್ಕ ಒಂದು ಕೂರಿಸಿದೆ. ಒಬ್ಬರೂ ಬೀದಿಯಲ್ಲಿಲ್ಲ, ಒಂದು ಮನೆಯೂ ಖಾಲಿಯಿಲ್ಲ. ಕೆಂಪು ಒಂದು, ಹಳದಿ ಒಂದು, ಚದುರಂಗದ ಹಾಸಿನ ಹಾಗೆ ಬಣ್ಣ ಕೊಟ್ಟೆ. ಕೆಳಗಿಳಿದು ನೋಡಿದರೆ ಗೋಡೆ ಎದ್ದು ಬರುವ ಹಾಗಿತ್ತು.

ಆದರೆ ಹದಿನೈದೆಂಟ್ಲ ನೂರಿಪ್ಪತ್ತು. ಕೊನೆಯಲ್ಲಿ ಎರಡು ಚೌಕ ಉಳಿದವು.

ಒಂದು ನನ್ನದು, ಅದರಲ್ಲಿ ಚರ್ಚೆಯಿಲ್ಲ. ಯಾವ ಬೋರ್ಡಿನ ಮೂಲೆಯಲ್ಲೂ ನಾನು 'ಆರ್ಟಿಸ್ಟ್' ಎಂದು ಸಹಿ ಹಾಕದೆ ಇಳಿದವನಲ್ಲ. ಇನ್ನೊಂದಕ್ಕೆ ಯಾರು ಎಂದು ಯೋಚಿಸುವಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷರೇ ಎದುರಿಗೆ ಪ್ರತ್ಯಕ್ಷರಾದರು. ಮರದ ಡಿಪೋ ಇಟ್ಟವರು. ಪೇಂಟ್ ಕೊಡಿಸಿದ್ದು ಅವರೇ.

"ಏನಯ್ಯಾ, ಪೇಂಟ್ ನನ್ನದು, ನನ್ನ ಹೆಸರೇ ಎಲ್ಲೂ ಇಲ್ವಲ್ಲೋ?"

"ಕೊನೇ ಮನೆ ನಿಮಗೇ ಇಟ್ಟಿದೀನಿ ಧಣಿ. ಆದ್ರೆ ಎಲ್ಲರ ಹಾಗೆ ಬರೀಬೇಕಾಗುತ್ತೆ. ಮೇಲೆ ನಂಬರು, ನಡುವೆ ಹೆಸರು, ಕೆಳಗೆ ತೂಕ. ಒಂದಕ್ಕೊಂದು ರೀತಿ, ಇನ್ನೊಂದಕ್ಕೊಂದು ರೀತಿ ಆದ್ರೆ ಅಸಹ್ಯ. ನಿಮ್ಮ ತೂಕ ಎಷ್ಟು?"

ಚೀಟಿಯ ಅಡಿಯಲ್ಲಿ 'ಪರಮಾಣು ತೂಕ' ಎಂದು ಅಚ್ಚಾಗಿತ್ತು ಸ್ವಾಮಿ. ನಾನು ಕಟ್ಟಿ ಹೇಳಿದ್ದಲ್ಲ.

ಅಧ್ಯಕ್ಷರು ಹೊಟ್ಟೆ ಒಳಗೆಳೆದುಕೊಂಡು, "ಎಂಬತ್ತು ಅಂತ ಬರಿ," ಎಂದರು. ಹಿಂದಿನ ವಾರವಷ್ಟೇ ತಮ್ಮದೇ ಡಿಪೋದ ಸೌದೆ ತೂಗುವ ಯಂತ್ರದ ಮೇಲೆ ಹತ್ತಿ, ತೊಂಬತ್ತಾರು ತೋರಿಸಿದ್ದಕ್ಕೆ ಯಂತ್ರವನ್ನೇ ರಿಪೇರಿಗೆ ಕಳಿಸಿದ್ದರು. ಊರಿಗೆಲ್ಲ ಗೊತ್ತಿದ್ದ ಸುದ್ದಿ.

"ಬರೀ ಎಂಬತ್ತು ಅಂದ್ರೆ ಆಗಲ್ಲ ಧಣಿ, ಎಲ್ಲರಿಗೂ ಪಾಯಿಂಟ್ ಇದೆ."

"ಹಾಗಾದ್ರೆ ಎಪ್ಪತ್ತೊಂಬತ್ತು ಪಾಯಿಂಟ್ ಒಂಬತ್ತು."

ಬರೆದೆ. ನೂರ ಇಪ್ಪತ್ತು, ಅಧ್ಯಕ್ಷರು, ೭೯.೯. ಅದರ ಎಡಕ್ಕೆ ನೂರ ಹತ್ತೊಂಬತ್ತು, ಆರ್ಟಿಸ್ಟ್, ೫೮.೪. ನನ್ನದು ಗುಜರಿ ಅಂಗಡಿಯ ತಕ್ಕಡಿಯಲ್ಲಿ ನಿಂತು ಪ್ರಾಮಾಣಿಕವಾಗಿ ತೂಗಿಸಿಕೊಂಡ ಲೆಕ್ಕ.

ಶಾಲೆ ಶುರುವಾದ ದಿನ ಮಗಳು ಕುಣಿದುಕೊಂಡು ಬರುತ್ತಾಳೆಂದು ಬಾಗಿಲಲ್ಲೇ ಕಾದು ಕುಳಿತಿದ್ದೆ. ಬಂದವಳು ಚೀಲವನ್ನು ಎಸೆದು ನೇರ ಒಳಗೆ ಹೋದಳು.

"ಗೋಡೆ ನೋಡಿದ್ಯೇನೇ?"

"ನೋಡ್ದೆ."

"ಹೇಗಿದೆ?"

"ಅಪ್ಪ, ಪ್ರಪಂಚದಲ್ಲಿ ಎಲ್ಲಾದ್ರೂ 'ಆರ್ಟಿಸ್ಟ್' ಅಂತ ಒಂದು ಧಾತು ಇದ್ಯಾ? ಇಡೀ ಕ್ಲಾಸು ಬಿದ್ದು ಬಿದ್ದು ನಗ್ತಿತ್ತು. ಯಾರೇ ಆ ಐವತ್ತೆಂಟು ಪಾಯಿಂಟ್ ನಾಲ್ಕು ಅಂತ ಎಲ್ಲರೂ ಕೇಳ್ತಿದ್ರು."

"ನಮ್ಮಪ್ಪ ಅಂತ ಹೇಳ್ಲಿಲ್ವಾ?"

"ಯಾರೋ ಗೊತ್ತಿಲ್ಲ ಅಂದೆ," ಎಂದಳು. "ನೀನು ನಮ್ಮಪ್ಪ ಅಂತ ಶಾಲೇಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ಇನ್ಮೇಲೆ ಆ ಕಡೆ ಬರ್ಬೇಡ."

ನನಗೆ ಬಂದ ಕೋಪಕ್ಕೆ ಎದುರಿಗಿದ್ದ ಲೋಟವನ್ನು ಎತ್ತಿ ಕುಕ್ಕಿದೆ. ಹೆಂಡತಿ ಒಳಗಿನಿಂದಲೇ, "ಲೋಟದ ಮೇಲೂ ನಿಮ್ಮ ಹೆಸರು ಬರೆದುಬಿಡಿ, ಅದೊಂದು ಉಳಿದಿತ್ತು," ಎಂದಳು. ಈ ಮನೆಯಲ್ಲಿ ನನ್ನ ಪರವಾಗಿ ಮಾತಾಡಲು ಒಂದು ಬೆಕ್ಕು ಕೂಡ ಇಲ್ಲ.

ಮರುದಿನ ಬೆಳಿಗ್ಗೆ ಹೆಡ್ಮಾಸ್ಟರರಿಂದ ಕರೆ ಬಂತು. ಮಗಳು ಬರಬೇಡ ಎಂದಿದ್ದಳು ಎಂದೇ ಹೋದೆ. ಗೋಡೆಯ ಮುಂದೆ ವಿಜ್ಞಾನದ ಟೀಚರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ವಯಸ್ಸು ಮೂವತ್ತು ದಾಟಿರಲಾರದು. ದನಿ ಮಾತ್ರ ಅರವತ್ತು ಮಕ್ಕಳನ್ನು ಒಟ್ಟಿಗೆ ಕೂರಿಸುವಂಥದ್ದು.

"ನೀವೇನ್ರೀ ಇದನ್ನ ಬರೆದಿದ್ದು? ಆ ಖಾಲಿ ಜಾಗ ಎಲ್ಲಾ ಎಲ್ಲಿ ಹೋಯ್ತು?"

"ತುಂಬಿಸಿದೆ ಮೇಡಮ್."

"ತುಂಬಿಸೋಕೆ ಹೇಳಿದ್ಯಾರು? ಆ ಖಾಲೀನೇ ಪಾಠ ಕಣ್ರೀ! ಮೇಲಿಂದ ಕೆಳಕ್ಕೆ ಒಂದೊಂದು ಸಾಲೂ ಒಂದೊಂದು ಮನೆತನ. ಲಿಥಿಯಂ ಕೆಳಗೆ ಸೋಡಿಯಂ, ಸೋಡಿಯಂ ಕೆಳಗೆ ಪೊಟ್ಯಾಸಿಯಂ. ಮೂರಕ್ಕೂ ಹೊರಗಿನ ಸುತ್ತಿನಲ್ಲಿ ಒಂದೇ ಒಂದು ಎಲೆಕ್ಟ್ರಾನ್. ಅದನ್ನ ಯಾರಿಗಾದ್ರೂ ದಾಟಿಸಿಬಿಡೋ ತನಕ ಅವಕ್ಕೆ ಸಮಾಧಾನ ಇಲ್ಲ. ನೀರಿಗೆ ಹಾಕಿದ್ರೆ ಮೂರೂ ರಂಪ ಮಾಡ್ತವೆ. ನೀವು ಲಿಥಿಯಂ ಕೆಳಗೆ ಯಾರನ್ನ ಕೂರಿಸಿದ್ದೀರಾ?"

ನೋಡಿದೆ. "ಆರ್ಗಾನ್."

"ಆರ್ಗಾನ್! ಅದು ಯಾರ ತಂಟೆಗೂ ಹೋಗಲ್ಲ, ಯಾರ ಜೊತೆಗೂ ಸೇರಲ್ಲ. ಅದರ ಸುತ್ತು ಭರ್ತಿ. ಆ ಮನೆತನದ ಹೀಲಿಯಂ ಬಲಗಡೆ ಮೂಲೇಲಿ ಮೇಲೆ ಇರ್ಬೇಕು. ಅದಕ್ಕೂ ಹೈಡ್ರೋಜನ್‌ಗೂ ನಡುವೆ ಕೂರೋಕೆ ಯಾರಿಗೂ ಹಕ್ಕಿಲ್ಲ, ಅದಕ್ಕೇ ಖಾಲಿ. ಅರ್ಥ ಆಯ್ತಾ?"

ಅರ್ಥವಾಗಿತ್ತು. ಅರ್ಥವಾದದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಮೊದಲೇ ಹೇಳಿದ್ದರೆ ಬಿಡುತ್ತಿರಲಿಲ್ಲವೇ? ಆದರೂ ಇಪ್ಪತ್ತೆಂಟು ವರ್ಷದ ಬಾಯಿ ಸುಮ್ಮನಿರುತ್ತದೆಯೇ? "ಮೇಡಮ್, ನಿಮ್ಮ ಧಾತುಗಳ ಸಂಸಾರ ನಂಗೆ ಗೊತ್ತಿಲ್ಲ. ಗೋಡೆ ಲೆಕ್ಕ ನಂಗೊತ್ತು. ಒಂದು ಗೆರೆ ಡೊಂಕಿದ್ರೆ ತೋರಿಸಿ!" ಎಂದೆ.

ಅವರು ಗೆರೆ ನೋಡಲಿಲ್ಲ. ಕೊನೆಯ ಚೌಕ ನೋಡಿದರು. ಮುಖ ಕೆಂಪೇರಿತು.

"ನೂರಿಪ್ಪತ್ತಕ್ಕೆ ಎಪ್ಪತ್ತೊಂಬತ್ತು ಪಾಯಿಂಟ್ ಒಂಬತ್ತಾ? ಇಷ್ಟು ಕಮ್ಮಿ ತೂಕ ಇರೋಕೆ ಸಾಧ್ಯಾನೇ ಇಲ್ಲ! ಯಾರಿಗ್ರೀ ಟೋಪಿ ಹಾಕ್ತೀರಾ? ಒಳಗಿರೋದನ್ನ ಲೆಕ್ಕ ಹಾಕಿದ್ರೆ ಮುನ್ನೂರರ ಹತ್ತಿರ ಬರುತ್ತೆ!"

ಪಾಪ, ಅವರು ಹೇಳಿದ್ದು ಪರಮಾಣುವಿನ ವಿಷಯ. ನೂರ ಇಪ್ಪತ್ತನೇ ನಂಬರು ಎಂದರೆ ಒಳಗೆ ನೂರ ಇಪ್ಪತ್ತು ಪ್ರೋಟಾನ್, ಅದರ ಮೇಲೆ ನ್ಯೂಟ್ರಾನ್ ಬೇರೆ. ಇದನ್ನು ನನಗೆ ಆಮೇಲೆ ಯಾರೋ ಹೇಳಿದರು. ಆದರೆ ಆಗ ನಮ್ಮ ಬೆನ್ನ ಹಿಂದೆ, ತಮ್ಮ ಚೌಕ ತೋರಿಸಲು ಮೂವರು ಬೀಗರನ್ನು ಕಟ್ಟಿಕೊಂಡು ಬಂದಿದ್ದ ಅಧ್ಯಕ್ಷರು ನಿಂತಿದ್ದರು.

"ಮುನ್ನೂರಾ?" ಎಂದರು ಅಧ್ಯಕ್ಷರು.

ಟೀಚರಮ್ಮ ತಿರುಗಿ, "ಹೌದು ಸಾರ್, ಕಡಿಮೆ ಅಂದ್ರೂ ಇನ್ನೂರ ತೊಂಬತ್ತು. ಬೇಕಾದ್ರೆ ಪುಸ್ತಕದಲ್ಲಿ ತೋರಿಸ್ತೀನಿ," ಎಂದರು.

"ನನ್ನ ತೂಕ ಪುಸ್ತಕದಲ್ಲಿ ಬೇರೆ ಹಾಕಿದ್ದೀರಾ?"

ಬೀಗರಲ್ಲಿ ಒಬ್ಬರು ಕೆಮ್ಮುವ ಹಾಗೆ ನಕ್ಕರು. ಇನ್ನೊಬ್ಬರು ಅಧ್ಯಕ್ಷರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮುನ್ನೂರಿರ್ಲಿಕ್ಕಿಲ್ಲ ಬಿಡಿ, ನೂರರ ಮೇಲಿರ್ಬಹುದು," ಎಂದರು. ಅಷ್ಟು ಸಾಕಾಯಿತು. ಅಧ್ಯಕ್ಷರು ಕುಣಿದಾಡಿಬಿಟ್ಟರು. "ಈಯಮ್ಮ ಈ ಶಾಲೇಲಿ ಇರ್ಬೇಕು, ಇಲ್ಲಾ ನಾನಿರ್ಬೇಕು! ಮಕ್ಕಳಿಗೆ ಏನು ಪಾಠ ಮಾಡ್ತಾಳೋ ಶಿಕ್ಷಣ ಇಲಾಖೆ ಸಾಹೇಬರೇ ಬಂದು ನೋಡ್ಲಿ!" ಹೆಡ್ಮಾಸ್ಟರರು ಎರಡೂ ಕೈ ಹೊಸೆಯುತ್ತ, "ಹೌದು ಹೌದು," ಎಂದರು. ಯಾವುದಕ್ಕೆ ಹೌದು ಎಂದು ಅವರಿಗೂ ಗೊತ್ತಿರಲಿಲ್ಲ. ಗೋಡೆ ಅಳಿಸುವ ಮಾತಂತೂ ಅಲ್ಲಿಗೇ ಸತ್ತಿತು. ಅಧ್ಯಕ್ಷರ ಚೌಕದ ಮೇಲೆ ಬ್ರಶ್ಶು ಇಡುವ ಧೈರ್ಯ ಯಾರಿಗಿದೆ?

ಆ ಸಂಜೆ ಮಗಳು ನನ್ನ ಎದುರು ಬಂದು ನಿಂತಳು.

"ನಮ್ಮ ಟೀಚರ್‌ನ ಎತ್ತಂಗಡಿ ಮಾಡ್ತಾರಂತೆ. ಆಫೀಸಿಂದ ಸಾಹೇಬರು ಬರ್ತಿದಾರಂತೆ. ಎಲ್ಲಾ ನಿನ್ನಿಂದ."

"ನನ್ನಿಂದ ಏನೇ? ಅವಳಿಗೆ ಬಾಯಿ ಜಾಸ್ತಿ!"

"ತಪ್ಪು ಬರೆದಿದ್ದು ನೀನು. ಸರಿ ಹೇಳಿದ್ದು ಅವರು. ಅವರು ಹೋಗ್ಬೇಕಾ?"

"ಊಟ ಮಾಡಿ ಮಲಗು," ಎಂದೆ. ಅವಳು ಊಟ ಮಾಡದೆ ಮಲಗಿದಳು. ಅಲ್ಲಿಂದ ಒಂದು ವಾರ ನನ್ನೊಡನೆ ಮಾತಿಲ್ಲ. ಏನಾದರೂ ಬೇಕಾದರೆ ತಾಯಿಗೆ ಹೇಳುವುದು, ತಾಯಿ ನನಗೆ ಹೇಳುವುದು. "ಪೆನ್ನು ಬೇಕಂತೆ, ನಿಮ್ಮನ್ನ ಕೇಳಲ್ಲಂತೆ," ಎಂದು ಹೆಂಡತಿ ಅದನ್ನೂ ಸೇರಿಸಿಯೇ ಹೇಳುತ್ತಿದ್ದಳು.

ಸಾಹೇಬರು ಬರುವ ದಿನ ಹೆಡ್ಮಾಸ್ಟರರು ಮತ್ತೆ ನನ್ನನ್ನೇ ಕರೆಸಿದರು. ಗೇಟಿನಿಂದ ಆಫೀಸಿನವರೆಗೆ ದಾರಿಯ ಬದಿಯ ಕಲ್ಲುಗಳಿಗೆ ಸುಣ್ಣ ಬಳಿಯಬೇಕಂತೆ. ಗೋಡೆ ಬರೆದ ಕೈಯಲ್ಲಿ ಕಲ್ಲಿಗೆ ಸುಣ್ಣ! ಹಲ್ಲು ಕಚ್ಚಿಕೊಂಡು ಬಳಿದೆ. ಕೊನೆಯ ಕಲ್ಲಿಗೆ ಬರುವಷ್ಟರಲ್ಲಿ ಜೀಪು ಬಂತು.

ಸಾಹೇಬರು ಕೈಯಲ್ಲಿ ಒಂದು ತಪಾಸಣೆ ಪುಸ್ತಕ ಹಿಡಿದು ನೇರ ಗೋಡೆಯ ಮುಂದೆ ಬಂದು ನಿಂತರು. ಒಂದು ಕ್ಷಣ ತಲೆದೂಗಿದರು.

"ಭೇಷ್! ನನ್ನ ವಿಷಯ ವಿಜ್ಞಾನ ಅಲ್ಲ, ಭಾಷೆ. ಆದ್ರೂ ಹೇಳ್ತೀನಿ, ಎಷ್ಟು ಶಾಲೆ ನೋಡಿದೀನಿ, ಎಲ್ಲಾ ಕಡೆ ಈ ಚಿತ್ರ ಹರಕು ಮುರುಕು. ಅರ್ಧ ಬರೆದು ಕೈಬಿಟ್ಟಿರ್ತಾರೆ. ಇಲ್ಲೊಂದೇ ಪೂರ್ತಿ ಮಾಡಿರೋದು. ಎಲ್ಲಾ ಶಾಲೆಗಳಲ್ಲೂ ಹೀಗೇ ಮಾಡಿಸ್ತೀನಿ."

ಅಧ್ಯಕ್ಷರು ಮೀಸೆ ತಿರುವಿದರು. ಟೀಚರಮ್ಮ ಬಾಯಿ ತೆರೆದರು. "ನೀವು ಸುಮ್ನಿರಿ," ಎಂದರು ಸಾಹೇಬರು. "ನಿಮ್ಮ ಪಾಠ ಹೇಗಿದೆ ಅಂತ ಮಕ್ಕಳ ಬಾಯಲ್ಲೇ ಕೇಳ್ತೀನಿ. ಒಂಬತ್ತನೇ ಕ್ಲಾಸಿಗೆ ಫಸ್ಟ್ ಯಾರು?"

ಸಾಲಿನಿಂದ ಮುಂದೆ ಬಂದವಳು ನನ್ನ ಮಗಳು.

ನಾನು ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದೆ. ಎದ್ದು ನಿಲ್ಲಲಿಲ್ಲ.

"ಹೇಳಮ್ಮಾ, ಲಿಥಿಯಂ ಕೆಳಗೆ ಯಾವ ಧಾತು ಇದೆ?"

"ಸೋಡಿಯಂ ಸರ್."

ಸಾಹೇಬರು ಗೋಡೆಯ ಕಡೆ ಬೆರಳು ಚಾಚಿ ಮೂರನೇ ಚೌಕದಿಂದ ಕೆಳಗಿಳಿದರು. "ಇಲ್ಲಿ ಆರ್ಗಾನ್ ಅಂತಿದೆಯಲ್ಲ? ಇಷ್ಟು ದೊಡ್ಡದಾಗಿ ಬರೆದಿರೋದನ್ನ ಓದೋಕೂ ಬರಲ್ವಾ? ಇನ್ನೊಂದ್ಸಲ ಹೇಳು."

"ಸೋಡಿಯಂ ಸರ್."

"ಹಾಗಾದ್ರೆ ಗೋಡೆ ಸುಳ್ಳಾ?"

ಒಂದು ಮಾತು. "ಹೌದು ಸರ್, ಬರೆದವನು ತಪ್ಪು ಬರೆದಿದ್ದಾನೆ" ಎಂದು ಒಂದೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಟೀಚರಮ್ಮನೂ ಉಳಿಯುತ್ತಿದ್ದರು, ಅವಳ ಮರ್ಯಾದೆಯೂ ಉಳಿಯುತ್ತಿತ್ತು. ಹುಡುಗಿ ನನ್ನ ಕಡೆ ಒಮ್ಮೆ ನೋಡಿದಳು. ಕೈಯಲ್ಲಿ ಸುಣ್ಣದ ಬ್ರಶ್ಶು, ಮೊಣಕಾಲ ತನಕ ಬಿಳಿ ಸಿಡಿದ ಪ್ಯಾಂಟು. ನೋಡಿ ತಲೆ ತಗ್ಗಿಸಿದಳು. ಹೇಳಲಿಲ್ಲ. ವಾರದಿಂದ ಮಾತು ಬಿಟ್ಟವಳು, ನಾನು ಅಪ್ಪನೇ ಅಲ್ಲ ಎಂದವಳು, ಅಷ್ಟು ಜನರ ಮುಂದೆ ನನ್ನ ಮೇಲೆ ಒಂದು ಅಕ್ಷರ ದೂರು ಹೇಳಲಿಲ್ಲ.

"ಕ್ಲಾಸಿಗೆ ಫಸ್ಟ್ ಬಂದವಳೇ ಹೀಗೆ!" ಸಾಹೇಬರು ಪುಸ್ತಕ ಬಿಡಿಸಿ ಪೆನ್ನಿನ ಮುಚ್ಚಳ ತೆಗೆದರು. ಅಧ್ಯಕ್ಷರು, "ಪಾಠಾನೇ ಸರಿ ಇಲ್ಲ ಅಂದ್ಮೇಲೆ ಮಕ್ಕಳು ಏನ್ಮಾಡ್ತವೆ?" ಎಂದರು. ಹೆಡ್ಮಾಸ್ಟರರು, "ಈ ಹುಡುಗಿ ಮೊದಲಿಂದಾನೂ ಸ್ವಲ್ಪ ಮಂದ ಸಾರ್," ಎಂದುಬಿಟ್ಟರು.

ಮಂದ! ನನ್ನ ಮಗಳು ಮಂದ!

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಬಕೆಟ್ ಎತ್ತಿದ್ದು ನೆನಪಿದೆ. ಓಡಿದ್ದು ನೆನಪಿದೆ. ಎನಾಮೆಲ್ ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ ಎಂದು ಕಸುಬಿನವನಾದ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬಳಿದೆ. ಮೊದಲು ನೂರ ಹತ್ತೊಂಬತ್ತು, ಆಮೇಲೆ ನೂರ ಇಪ್ಪತ್ತು.

"ಏಯ್, ಏಯ್! ನನ್ನ ಮನೆ ಕಣೋ ಅದು!" ಅಧ್ಯಕ್ಷರು ಅಡ್ಡ ಬಂದರು. ಅವರಿಗೂ ಒಂದು ಕೈ ಸುಣ್ಣ ಬಿತ್ತು.

"ಅವಳು ಹೇಳಿದ್ದೇ ಸರಿ! ಗೋಡೆ ಸುಳ್ಳು!" ಎಂದು ಕಿರುಚಿದೆ. "ಲಿಥಿಯಂ ಕೆಳಗೆ ಸೋಡಿಯಂ, ಅದರ ಕೆಳಗೆ ಪೊಟ್ಯಾಸಿಯಂ! ಮೇಲುಗಡೆ ಮೂವತ್ತಾರು ಮನೆ ಖಾಲಿ ಇರ್ಬೇಕು! ಅಲ್ಲಿ ಕೂರೋ ಯೋಗ್ಯತೆ ಯಾರಿಗೂ ಇಲ್ಲ, ನಂಗೂ ಇಲ್ಲ, ಈ ಧಣಿಗೂ ಇಲ್ಲ, ಸಾಹೇಬರೇ ನಿಮಗೂ ಇಲ್ಲ!"

ಸಾಹೇಬರ ಕನ್ನಡಕದ ಮೇಲೆ ಸುಣ್ಣದ ಹನಿ ಇಳಿಯುತ್ತಿತ್ತು. "ಯಾರ್ರೀ ಈ ಹುಚ್ಚ?"

"ಕಲ್ಲಿಗೆ ಸುಣ್ಣ ಬಳಿಯೋನು ಸಾರ್," ಎಂದರು ಹೆಡ್ಮಾಸ್ಟರರು. "ನಮ್ಮ ಶಾಲೆಗೂ ಇವನಿಗೂ ಸಂಬಂಧವೇ ಇಲ್ಲ."

ಇಡೀ ಶಾಲೆ ಸಾಲಾಗಿ ನಿಂತು ನೋಡುತ್ತಿತ್ತು. ಒಬ್ಬರೂ ನಗುತ್ತಿರಲಿಲ್ಲ.

"ನಮ್ಮಪ್ಪ ಸರ್," ಎಂದಳು ನನ್ನ ಮಗಳು.

ಸಾಹೇಬರು ಕನ್ನಡಕ ತೆಗೆದು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಟೀಚರಮ್ಮ ಅಷ್ಟರಲ್ಲಿ ಪಠ್ಯಪುಸ್ತಕ ತೆರೆದು ಅವರ ಮೂಗಿನ ಮುಂದೆ ಹಿಡಿದಿದ್ದರು. ಸಾಹೇಬರು ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬೆರಳಿಟ್ಟು ಮೇಲಿಂದ ಕೆಳಗಿಳಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಏನೂ ಬರೆಯದೆಯೇ ತಪಾಸಣೆ ಪುಸ್ತಕ ಮುಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡರು.

"ಮತ್ತೆ ಇದನ್ನ ಸರಿ ಮಾಡೋರ್ಯಾರು?" ಎಂದು ಕೇಳಿದರು.

"ನಮ್ಮಪ್ಪಾನೇ ಮಾಡ್ತಾರೆ ಸರ್," ಎಂದಳು. "ಅವರಿಗೆ ಇದೇನೂ ಗೊತ್ತಿಲ್ಲ, ನಾನು ಪಕ್ಕದಲ್ಲಿ ನಿಂತು ಹೇಳಿಕೊಡ್ತೀನಿ. ಅವರಷ್ಟು ದುಂಡಗೆ ಅಕ್ಷರ ಬರೆಯೋರು ಇನ್ಯಾರೂ ಇಲ್ಲ."

ಕೇಳಿದಿರಾ? ಇಪ್ಪತ್ತೆಂಟು ವರ್ಷ ಬ್ರಶ್ಶು ಹಿಡಿದವನಿಗೆ ಏನೂ ಗೊತ್ತಿಲ್ಲವಂತೆ! ಸಾಹೇಬರ ಮುಂದೆ, ಅಧ್ಯಕ್ಷರ ಮುಂದೆ, ನಾನೂರು ಮಕ್ಕಳ ಮುಂದೆ! ನನಗೆ ಎಂಥ ಸಿಟ್ಟು ಬಂತೆಂದರೆ, ಬಕೆಟ್ ಅಲ್ಲೇ ಕುಕ್ಕಿ ಗೋಡೆಯ ಕಡೆ ತಿರುಗಿಬಿಟ್ಟೆ. ಕಣ್ಣಲ್ಲಿ ನೀರು ಬರುತ್ತಿತ್ತು. ಸುಣ್ಣ ಸಿಡಿದಿತ್ತು ಎಂದು ಎಲ್ಲರಿಗೂ ಹೇಳಿದ್ದೇನೆ.